ಅಜ್ಜಿಯನ್ನು ಕೊಲ್ಲಲು ಒಂದು ಪಾತ್ರ

ಕುರ್ಚಿಗೆ ಹೊಸ ರೆಕ್ಸಿನ್ ಹೊದಿಸಿ ಬರುತ್ತೇನೆ ಅಂತ ಹೋದವಳು ಕೊಲೆಗೆ ಸಿದ್ಧಳಾಗಿ ವಾಪಸ್ ಬಂದಳು ಅಂದರೆ ಯಾರಾದರೂ ನಂಬುತ್ತಾರಾ? ನಂಬಲಿ ಬಿಡಲಿ, ಆದದ್ದು ಹಾಗೇ.

ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ಸೂಜಿ ಅಂತಲೇ ಕರೆಯುತ್ತಿದ್ದರು. ಸೋಫಾ, ಕುರ್ಚಿ, ಕಾರಿನ ಸೀಟು ಹೊಲಿಯುವ ಕೆಲಸ, ಅದಕ್ಕೊಂದು. ಬಾಯಿ ತೆಗೆದರೆ ಚುಚ್ಚುತ್ತಾಳೆ, ಅದಕ್ಕಿನ್ನೊಂದು. ಕೋಪ ಮೂಗಿನ ತುದಿಯಲ್ಲೇ. ಆದರೆ ಒಂದು ಮಾತು ಒಪ್ಪಬೇಕು, ಬೆಳಗ್ಗೆ ಬಂದ ಕೋಪ ಮಧ್ಯಾಹ್ನದ ಚಹಾದ ಹೊತ್ತಿಗೆ ಇಳಿದುಬಿಡುತ್ತಿತ್ತು. ಇಳಿಯದೆ ಗಟ್ಟಿಯಾಗಿ ಕೂತದ್ದು ಒಂದೇ ಒಂದು. ಅದು ಸ್ವಂತ ಅಣ್ಣನ ಮೇಲಿನದು.

ಅಮ್ಮ ಹಾಸಿಗೆ ಹಿಡಿದಾಗ ಸೂಜಿ ಬೇರೆ ಊರಿನಲ್ಲಿದ್ದಳು. ಒಂದು ಟಾಕೀಸಿನ ಸೀಟುಗಳನ್ನೆಲ್ಲ ಹೊಸದಾಗಿ ಹೊಲಿಯುವ ಗುತ್ತಿಗೆ. ದಿನಾ ಸಂಜೆ ಅಮ್ಮನಿಗೆ ಫೋನ್ ಮಾಡುತ್ತಿದ್ದಳು, ದಿನಾ ಅಣ್ಣನೇ ಎತ್ತುತ್ತಿದ್ದ. “ಸ್ವಲ್ಪ ಜ್ವರ ಕಣೇ, ಈಗಷ್ಟೇ ನಿದ್ದೆ ಹೋಗಿದಾಳೆ, ಎಬ್ಬಿಸೋದು ಬೇಡ. ನೀನು ಕೆಲಸ ಮುಗಿಸ್ಕೊಂಡು ನಿಧಾನಕ್ಕೆ ಬಾ.” ಅಣ್ಣ ಹೇಳಿದ್ದು ಅಂತ ಇವಳೂ ನಂಬಿದಳು. ಒಂದು ಬೆಳಗ್ಗೆ ಅವನೇ ಫೋನ್ ಮಾಡಿದ. ಓಡೋಡಿ ಬಂದರೆ ಎಲ್ಲ ಮುಗಿದು, ಅಮ್ಮನ ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಿಯಾಗಿತ್ತು. “ನಿದ್ದೇಲೇ ಹೋದ್ಲು. ಏನೂ ಕಷ್ಟಪಡಲಿಲ್ಲ. ಯಾರನ್ನೂ ಕೇಳಲಿಲ್ಲ,” ಅಂದ ಅಣ್ಣ.

ಯಾರನ್ನೂ ಕೇಳಲಿಲ್ಲವಂತೆ! ಕೊನೆಯ ಮಗಳು ಮನೆಗೆ ಬರುವ ತನಕ ತಟ್ಟೆ ಮುಂದೆ ಕೂರದಿದ್ದ ಅಮ್ಮ, ಸಾಯುವಾಗ ಅವಳನ್ನು ಕೇಳಲಿಲ್ಲವಂತೆ. ಅಣ್ಣ ತನ್ನನ್ನು ಕರೆಸಲಿಲ್ಲ ಅನ್ನುವುದು ಒಂದು ಉರಿ, ಅಮ್ಮನಿಗೂ ತಾನು ನೆನಪಾಗಲಿಲ್ಲ ಅನ್ನುವುದು ಅದರ ಮೇಲೆ ಇನ್ನೊಂದು ಉರಿ. ಮೊದಲನೆಯದಕ್ಕೆ ಅಣ್ಣನನ್ನು ಬೈಯಬಹುದು, ಬೈದಳು ಕೂಡ. ಎರಡನೆಯದಕ್ಕೆ ಯಾರನ್ನು ಬೈಯುವುದು? ಅದನ್ನೂ ಅವನ ಲೆಕ್ಕಕ್ಕೇ ಬರೆದು ಮಾತು ಬಿಟ್ಟಳು. ವರ್ಷಗಳು ಕಳೆದವು, ಅಣ್ಣ ಎದುರಿಗೆ ಬಂದರೆ ರಸ್ತೆಯ ಆಚೆ ಬದಿ ಹಿಡಿಯುವುದು ತಪ್ಪಲಿಲ್ಲ.

ಇಂಥವಳಿಗೆ ಕನ್ನಡಕದಂಗಡಿಯಿಂದ ಕೆಲಸ ಬಂತು. ಕಣ್ಣು ಪರೀಕ್ಷೆಯ ದೊಡ್ಡ ಕುರ್ಚಿಯ ಸೀಟು ಹರಿದು, ಒಳಗಿನ ಫೋಮು ನಾಲಿಗೆ ಚಾಚಿತ್ತು. ಅಂಗಡಿಯವರಿಗೆ ವಯಸ್ಸಾಗಿದೆ, ಊರಿಗೆಲ್ಲ ಮಾಮ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಡೆ ಗಾಜು ಅರೆಯುವ ಯಂತ್ರ, ಗೋಡೆಗೆ ದೊಡ್ಡದರಿಂದ ಚಿಕ್ಕದಾಗುತ್ತ ಹೋಗುವ ಅಕ್ಷರಗಳ ಪಟ್ಟಿ, ನಡುವೆ ದುಂಡು ಮೇಜು. ಮೇಜಿನ ಮೇಲೆ ಕೈಯಲ್ಲಿ ಬರೆದ ನಕ್ಷೆ, ಹತ್ತಾರು ಮುಖದ ಬಣ್ಣಬಣ್ಣದ ದಾಳಗಳು.

“ಈ ವಯಸ್ಸಲ್ಲಿ ಆಟ ಆಡ್ತೀರಾ ಮಾಮ?” ಹಳೇ ಮೊಳೆ ಕೀಳುತ್ತ ಕೇಳಿದಳು.

“ಯಾಕಮ್ಮ, ಆಟ ಏನು ನಿಮ್ಮ ವಯಸ್ಸಿನೋರ ಸ್ವಂತ ಆಸ್ತೀನಾ? ಅಂಗಡಿಗೆ ರಜೆ ಇರೋ ದಿನ ಮಧ್ಯಾಹ್ನ ಸೇರ್ತೀವಿ. ಡ್ರಾಯಿಂಗ್ ಮೇಡಂ ಬರ್ತಾರೆ, ಒಬ್ಬ ಬಸ್ ಡ್ರೈವರ್, ಆಮೇಲೆ ನಿಲ್ದಾಣದಲ್ಲಿ ಮೈಕ್ ಹಿಡ್ಕೊಂಡು ಬಸ್ ಬಂತು ಹೋಯ್ತು ಅಂತ ಕೂಗ್ತಾರಲ್ಲ, ದಪ್ಪ ಮೀಸೆ, ಅವರು.”

ಸೂಜಿಯ ಕೈ ನಿಂತಿತು. “ಅವನು ನಮ್ಮಣ್ಣ.”

“ಹೌದೇನಮ್ಮ! ತಂಗಿ ಇದಾಳೆ ಅಂತಲೇ ಹೇಳಿಲ್ಲ ನೋಡಿ ಪುಣ್ಯಾತ್ಮ. ಅವರಿಲ್ಲದೆ ನಮ್ಮ ಆಟವೇ ಇಲ್ಲ.”

ಇಸ್ಪೀಟಿನ ಎಲೆ ಕೂಡ ಮುಟ್ಟದವನು ಇದೇನು ಆಡುತ್ತಾನೆ ಅಂತ ಕೇಳಿದ್ದಕ್ಕೆ ಮಾಮ ಹುರುಪಿನಿಂದ ವಿವರಿಸಿದರು. ಒಂದು ಲೋಕ ಇದೆ ಅಂದುಕೊಳ್ಳಬೇಕು. ಕಾಡು, ಕೋಟೆ, ರಾಕ್ಷಸರು, ಮಾಟಗಾರರು. ಒಬ್ಬೊಬ್ಬರೂ ತಮಗೊಂದು ಪಾತ್ರ ಕಟ್ಟಿಕೊಂಡು, ಅದರ ಗುಣ, ಶಕ್ತಿ ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಆ ಲೋಕದೊಳಗೆ ಹೋಗುತ್ತಾರೆ. ಕಥೆ ನಡೆಸುವವರು ಮಾಮ. ಯಾರು ಏನು ಮಾಡಹೊರಟರೂ ಅದು ಆಗುತ್ತದೋ ಇಲ್ಲವೋ ಅಂತ ತೀರ್ಮಾನ ಕೊಡುವುದು ದಾಳ.

“ನಮ್ಮಣ್ಣ ಯಾರು ಅದರಲ್ಲಿ? ರಾಜನಾ?”

“ಅಜ್ಜಿ.”

ಅವಳು ನಕ್ಕ ನಗೆಗೆ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆ ನೆಲಕ್ಕೆ ಉದುರಿದವು. ಆ ಮೀಸೆಗೆ ಅಜ್ಜಿ!

“ನಗಬೇಡಿ. ಮದ್ದು ಮಾಡೋ ಅಜ್ಜಿ. ನಮಗೆಲ್ಲ ಆಕೆ ಅಂದ್ರೆ ಪ್ರಾಣ. ಸೇರಿದ ದಿನದಿಂದ ನಿಮ್ಮಣ್ಣ ಬೇರೆ ಪಾತ್ರ ಮುಟ್ಟಿಲ್ಲ. ಹೋದ ವರ್ಷ ಅಜ್ಜಿ ಒಂದು ಸಲ ಸಾಯೋ ಹಾಗಾಗಿತ್ತು, ಇವರು ಇಲ್ಲೇ, ಈ ಕುರ್ಚಿ ಮೇಲೆ ಬೆವತುಹೋದ್ರು. ಅಜ್ಜಿಗೇನಾದ್ರೂ ಆದ್ರೆ ಈ ಮನುಷ್ಯನ್ನ ಹಿಡಿಯೋದು ಕಷ್ಟ.”

ಸೂಜಿ ಬಗ್ಗಿ ಮೊಳೆ ಆರಿಸಿದಳು. ಆರಿಸುತ್ತ ಆರಿಸುತ್ತ ತಲೆ ಓಡಿತು. ಬೈದದ್ದು ಅವನಿಗೆ ತಾಗಲಿಲ್ಲ. ಮಾತು ಬಿಟ್ಟದ್ದೂ ತಾಗಲಿಲ್ಲ, ಮೈಕಿನ ಮುಂದೆ ಹಾಯಾಗಿ ಕೂತಿದ್ದಾನೆ. ಇಷ್ಟು ವರ್ಷಕ್ಕೆ ಅವನ ಜೀವ ಎಲ್ಲಿದೆ ಅಂತ ಇವತ್ತು ಗೊತ್ತಾಯಿತು. ನನಗೆ ಹೇಳದೆ ಕೇಳದೆ ನನ್ನ ಜೀವವನ್ನು ಸಾಗಹಾಕಿದೆಯಲ್ಲ, ತಾಳು ಮಗನೇ.

“ಮಾಮ, ನನಗೂ ಒಂದು ಪಾತ್ರ ಮಾಡಿಕೊಡ್ತೀರಾ?”

ಮಾಮನಿಗೆ ಹಬ್ಬವೇ ಆಯಿತು. ಹೊಸ ರೆಕ್ಸಿನ್ ಹೊದಿಸಿದ ಕುರ್ಚಿಯ ಮೇಲೆ ಅವಳನ್ನೇ ಮೊದಲು ಕೂರಿಸಿದರು. ಪಾತ್ರ ಕಟ್ಟಿಸುವುದಕ್ಕೂ ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ಕಣ್ಣಿಗೆ ಗಾಜು ಹಾಕಿ ನೋಡುವ ದಾರಿ. “ಎರಡೆರಡು ಹೇಳ್ತಾ ಹೋಗ್ತೀನಿ. ಇದು ಸ್ಪಷ್ಟವಾಗಿ ಕಾಣುತ್ತಾ, ಇಲ್ಲ ಇದಾ ಅಂತ ಹೇಳಿದ್ರೆ ಸಾಕು. ಯೋಚನೆ ಮಾಡಬಾರದು. ಹೆಣ್ಣಾ, ಗಂಡಾ?”

“ಹೆಣ್ಣು.”

“ತೋಳುಬಲ ಜಾಸ್ತಿಯಾ, ತಾಳ್ಮೆಯಾ?”

“ತಾಳ್ಮೆ.”

ಮಾಮ ಕನ್ನಡಕದ ಮೇಲಿನಿಂದ ನೋಡಿದರು. ಹೊಸಬರೆಲ್ಲ ಮೊದಲು ಬಲಕ್ಕೇ ಬಾಯಿಬಿಡುವುದು. “ಜನ ತಿರುಗಿ ನೋಡೋ ಹಾಗಾ, ಇದ್ದದ್ದೇ ಗೊತ್ತಾಗದ ಹಾಗಾ?”

“ಇದ್ದದ್ದೇ ಗೊತ್ತಾಗಬಾರದು.”

“ಕತ್ತಿಯಾ, ವಿಷವಾ?”

“ವಿಷ. ಕತ್ತಿ ಗಾಯ ಆದ್ರೆ ಅಜ್ಜಿ ವಾಸಿ ಮಾಡ್ಕೊಂಡುಬಿಟ್ರೆ?” ಅಂದವಳು ನಾಲಿಗೆ ಕಚ್ಚಿಕೊಂಡಳು.

ಮಾಮ ಪೆನ್ಸಿಲ್ ಕೆಳಗಿಟ್ಟರು. ಸಿಟ್ಟಾಗಲಿಲ್ಲ, ಕಣ್ಣು ಮಿನುಗಿತು. “ಓಹೋ. ಹೊರಟಿರೋದು ನಮ್ಮ ಅಜ್ಜಿ ಮೇಲೇನಾ? ಪರವಾಗಿಲ್ಲ, ನಮ್ಮಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದ್ರೆ ಕಾರಣ ಬೇಕು. ಕಾರಣ ಇಲ್ದೆ ಯಾರನ್ನೂ ಕೊಲ್ಲೋ ಹಾಗಿಲ್ಲ.”

“ಕಾರಣ ಇದೆ.” ಅವಳು ಅಕ್ಷರಗಳ ಪಟ್ಟಿ ನೋಡುತ್ತ ಹೇಳಿದಳು. “ಇವಳ ತಾಯಿ ಕಾಯಿಲೆ ಬಿದ್ದಾಗ ನೋಡಿಕೊಂಡೋಳು ಆ ಅಜ್ಜಿ. ಮಗಳು ದೂರದಲ್ಲಿ ಕೆಲಸಕ್ಕೆ ಹೋಗಿದ್ಲು. ತಾಯಿ ಸಾಯ್ತಾಳೆ ಅಂತ ಗೊತ್ತಿದ್ರೂ ಅಜ್ಜಿ ಒಂದು ಮಾತು ಹೇಳಿ ಕಳಿಸಲಿಲ್ಲ. ಅಷ್ಟೇ.”

“ಭಲೇ! ಈಗ ಕಥೆಗೆ ಖಾರ ಬಂತು.” ಪಾಪ, ಮಾಮನಿಗೇನು ಗೊತ್ತು. ಬರೆದುಕೊಂಡೇ ಬರೆದುಕೊಂಡರು. “ದ್ವೇಷ ಬಿಸಿಯಾದದ್ದಾ, ತಣ್ಣಗಿನದಾ?”

“ತಣ್ಣಗಿನದು.”

“ಕೊಂದ ಮೇಲೆ ಈಕೆ ಅಳ್ತಾಳಾ, ನಗ್ತಾಳಾ?”

“ಅದನ್ನ ಆಗಲೇ ನೋಡ್ಕೊಳ್ತಾಳೆ,” ಅಂದು ಕುರ್ಚಿಯಿಂದ ಇಳಿದಳು.

ಆ ವಾರವೆಲ್ಲ ಸೂಜಿ ಮನೆಯಲ್ಲಿ, ವರ್ಕ್‌ಶಾಪಿನಲ್ಲಿ ಆ ಹೆಂಗಸಿನ ಜೊತೆಯೇ ಬದುಕಿದಳು. ಹೇಗೆ ನಡೆಯುತ್ತಾಳೆ, ವಿಷ ಎಲ್ಲಿ ಬಚ್ಚಿಡುತ್ತಾಳೆ, ಅಜ್ಜಿಯ ಹತ್ತಿರ ಹೇಗೆ ಹೋಗುತ್ತಾಳೆ. ಸೀಟಿನ ಸ್ಪ್ರಿಂಗಿಗೆ ದಾರ ಬಿಗಿಯುತ್ತ ತನ್ನಷ್ಟಕ್ಕೆ ಗೊಣಗುವುದನ್ನು ನೋಡಿ ಪಕ್ಕದವರು ದೂರ ಸರಿದು ಕೂತರು. ಇಷ್ಟು ಮನಸ್ಸಿಟ್ಟು ಅವಳು ಟಾಕೀಸಿನ ಸೀಟನ್ನೂ ಹೊಲಿದಿರಲಿಲ್ಲ.

ರಜೆಯ ಮಧ್ಯಾಹ್ನ ಹಿಂದಿನ ಕೋಣೆಗೆ ಕಾಲಿಟ್ಟಾಗ ಅಣ್ಣ ಬಿಸ್ಕತ್ತಿನ ಡಬ್ಬಿ ತೆಗೆಯುತ್ತಿದ್ದ. ತಂಗಿಯನ್ನು ನೋಡಿ ಡಬ್ಬಿ ಕೈಯಲ್ಲೇ ಉಳಿಯಿತು. ಆಮೇಲೆ ಅವನ ಮುಖ ಹೇಗೆ ಅರಳಿತು ಅಂತೀರಿ! “ಬಂದ್ಯಾ? ನೀನಾ? ಕೂತ್ಕೋ, ಕೂತ್ಕೋ,” ಅಂತ ಕರವಸ್ತ್ರ ತೆಗೆದು ಕುರ್ಚಿ ಒರೆಸಿದ. ರಾಜಿಗೆ ಬಂದಿದ್ದಾಳೆ ಅಂದುಕೊಂಡ, ಮಂಕ. ಸೂಜಿ ಅವನು ಒರೆಸಿದ ಕುರ್ಚಿ ಬಿಟ್ಟು ಎದುರಿನದರಲ್ಲಿ ಕೂತಳು.

ಆಟ ಶುರುವಾಯಿತು. ಮಾಮ ಹೇಳಿದರು: ಕಾಡಿನ ಅಂಚಿನಲ್ಲಿ ಅಜ್ಜಿಯ ಗುಡಿಸಲು. ಒಳಗೆ ಡ್ರೈವರನ ಪಾತ್ರವಾದ ದೈತ್ಯ, ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಾನೆ, ಡ್ರಾಯಿಂಗ್ ಮೇಡಂ ಅವರ ಪಾತ್ರವಾದ ಕಳ್ಳಿ ಒಲೆ ಮುಂದೆ ಮೈ ಕಾಯಿಸುತ್ತಿದ್ದಾಳೆ. ಆಗ ಬಾಗಿಲಲ್ಲಿ ಒಬ್ಬಳು ಅಪರಿಚಿತಳು ಕುಸಿದು ಬಿದ್ದಳು, ಮೈ ಸುಡುತ್ತಿದೆ. “ಅಜ್ಜಿ ಏನು ಮಾಡ್ತಾಳೆ?”

ಅಣ್ಣ ಗಂಟಲು ಸರಿಮಾಡಿಕೊಂಡ. ಬಾಯಿ ತೆಗೆದಾಗ ಹೊರಗೆ ಬಂದದ್ದು ಅವನ ದನಿಯಲ್ಲ.

“ಎಲ್ಲಿ ಅಲೆದು ಬಂದೆ ಮಹಾರಾಯ್ತಿ? ಕಾಲು ನೋಡು, ಆ ಧೂಳು ನೋಡು! ಚ್ಚು ಚ್ಚು ಚ್ಚು. ಮಾತಾಡಬೇಡ, ಬಾಯ್ಮುಚ್ಚಿ ಮಲಕ್ಕೋ. ಮೊದಲು ಹೊಟ್ಟೆಗೇನಾದ್ರೂ ಹಾಕ್ಕೋ, ಸಾಯೋದಿದ್ರೆ ಆಮೇಲೆ ಸಾಯುವೆಯಂತೆ.” ಹೇಳುತ್ತ ಅಂಗೈ ತಿರುಗಿಸಿ, ಬೆರಳಿನ ಗೆಣ್ಣುಗಳನ್ನು ಗಾಳಿಯಲ್ಲೇ ಯಾರದೋ ಹಣೆಗೆ ಒತ್ತಿದ.

ಸೂಜಿ ಮುಂದಕ್ಕೆ ಬಗ್ಗಿದಳು. ಅಮ್ಮ. ಅದೇ ಬೈಗುಳ, ಅದೇ ಚ್ಚು ಚ್ಚು, ಜ್ವರ ನೋಡುವಾಗ ಬೆರಳಿನ ಗೆಣ್ಣನ್ನೇ ಒತ್ತುವ ಅದೇ ಅಭ್ಯಾಸ. ಅಮ್ಮ ಇಲ್ಲಿದ್ದಾಳೆ, ಕನ್ನಡಕದಂಗಡಿಯ ಹಿಂದೆ, ಬಿಸ್ಕತ್ತಿನ ಡಬ್ಬಿಯ ಪಕ್ಕ. ಒಂದು ಗಳಿಗೆ ಅವಳಿಗೆ ಎದ್ದು ಆ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

ಮರುಗಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಇವನು ಅಮ್ಮನನ್ನು ಇಲ್ಲಿಟ್ಟುಕೊಂಡಿದ್ದಾನೆ! ವಾರ ವಾರ ಅಮ್ಮನ ಜೊತೆ ಕೂತು ಚಹಾ ಕುಡಿದಿದ್ದಾನೆ. ಯಾರೋ ಡ್ರೈವರನ ಭುಜಕ್ಕೆ ಅಮ್ಮ ಪಟ್ಟಿ ಕಟ್ಟಬಹುದು, ಯಾವಳೋ ಕಳ್ಳಿಗೆ ಅಮ್ಮ ಒಲೆ ಹಚ್ಚಬಹುದು, ಹೆತ್ತ ಮಗಳಿಗೆ ಮಾತ್ರ ಇಲ್ಲ. ಒಂದು ಸಲ ಮುಚ್ಚಿಟ್ಟದ್ದು ಸಾಲದೆ ಮತ್ತೆ ಮುಚ್ಚಿಟ್ಟಿದ್ದಾನೆ.

“ನನ್ನ ಪಾತ್ರ ಏನು ಮಾಡ್ತಾಳೆ ಅಂತ ಹೇಳ್ಲಾ ಮಾಮ?” ಅಂದಳು. “ಅಜ್ಜಿ ಹಣೆ ಮುಟ್ಟೋಕೆ ಬಗ್ಗಿದಾಗ ರವಿಕೆ ತೋಳಿನೊಳಗಿನ ವಿಷದ ಮುಳ್ಳು ತೆಗೆದು ಅವಳ ಮಣಿಕಟ್ಟಿಗೆ ಚುಚ್ತಾಳೆ.”

ಡ್ರಾಯಿಂಗ್ ಮೇಡಂ “ಅಯ್ಯೋ!” ಅಂದರು. ಡ್ರೈವರ್ ಕುರ್ಚಿಯಿಂದ ಅರ್ಧ ಎದ್ದ. ದಾಳ ಉರುಳಿತು, ಮೇಜಿನ ಅಂಚಿನ ತನಕ ಹೋಗಿ ನಿಂತಿತು. ಮಾಮ ಬಗ್ಗಿ ನೋಡಿ ತಲೆಯಾಡಿಸಿದರು. ಚುಚ್ಚಿದ್ದು ತಾಗಿತ್ತು.

ಸೂಜಿ ಅಣ್ಣನ ಮುಖವನ್ನೇ ನೋಡುತ್ತ ಹೇಳಿದಳು: “ಅಜ್ಜಿ, ನನ್ನ ಗುರುತು ಸಿಕ್ಕಲಿಲ್ವಾ? ನನ್ನ ತಾಯಿ ನಿನ್ನ ಕೈಲಿ ಸತ್ತಳು. ನಾನು ದೂರದಲ್ಲಿದ್ದೆ. ನೀನು ಒಂದು ಮಾತು ಹೇಳಿ ಕಳಿಸಲಿಲ್ಲ.”

ತಂಗಿ ಯಾಕೆ ಬಂದಿದ್ದಾಳೆ ಅಂತ ಅಣ್ಣನಿಗೆ ಆಗ ಗೊತ್ತಾಯಿತು. ಸರಿ, ನೋಡಲಿ, ಅನುಭವಿಸಲಿ.

“ವಿಷ ಏರ್ತಾ ಇದೆ,” ಅಂದರು ಮಾಮ. “ಅಜ್ಜಿಗೆ ಜ್ವರ, ಕಣ್ಣು ಮಂಜು. ಏನಾದ್ರೂ ಹೇಳ್ತಾಳಾ?”

ಬೇಕೆಂದೇ ಹೇಳಿದನೋ, ಇಷ್ಟು ವರ್ಷ ಆ ದನಿಗೆ ಸವೆದ ನಾಲಿಗೆ ತಾನಾಗಿ ಆಡಿತೋ, ಅದು ಅವನಿಗೇ ಗೊತ್ತಿರಲಿಕ್ಕಿಲ್ಲ. ಅಣ್ಣ ಕುರ್ಚಿಗೆ ತಲೆ ಆನಿಸಿದ, ಕಣ್ಣು ಬಾಗಿಲ ಕಡೆ ತಿರುಗಿತು. ದನಿ ಒಡೆದು ಸಣ್ಣಗಾಗಿತ್ತು.

“ಬಾಗಿಲು ಹಾಕಬೇಡ್ರೋ... ಮರಿ ಬಂದ್ಲಾ? ಚಪ್ಪಲಿ ಸದ್ದು ಕೇಳಿಸ್ತು ನೋಡು. ಮರಿ ಬಂದ್ಲೇನೋ?”

“ಏನ್ ಆಕ್ಟಿಂಗ್ ಗುರುವೇ!” ಡ್ರೈವರ್ ಪಿಸುಗುಟ್ಟಿದ.

ಮರಿ ಅಂತ ಸೂಜಿಯನ್ನು ಕರೆದವರು ಈ ಭೂಮಿಯ ಮೇಲೆ ಒಬ್ಬರೇ. ಕೇಳಿದ್ದಳು. ಅಮ್ಮ ಕೇಳಿದ್ದಳು! ಆ ಎರಡನೇ ಉರಿ, ಯಾರನ್ನೂ ಬೈಯಲಾಗದೆ ಒಳಗೊಳಗೇ ಸುಟ್ಟ ಉರಿ, ಅದೂ ಇವನು ಇಟ್ಟ ಬೆಂಕಿಯೇ. ಅವಳು ಮೇಜಿನ ಮೇಲೆ ಬಗ್ಗಿ ಅವನ ಕಿವಿಯ ಹತ್ತಿರ ಬಂದಳು. ಎದುರಿಗಿರುವುದು ಅಜ್ಜಿಯೋ ಅಣ್ಣನೋ ಅನ್ನುವುದು ಅವಳಿಗೆ ಬೇಕಿರಲಿಲ್ಲ.

“ಯಾರನ್ನ ಕೇಳ್ತಿದ್ದೆ ಅಜ್ಜಿ, ಮರಿ ಬಂದ್ಲಾ ಅಂತ?”

“ನನ್ನ ಮಗನ್ನ.”

“ಎಷ್ಟು ಸಲ ಕೇಳಿದೆ?”

“ಎಚ್ಚರ ಇದ್ದಾಗೆಲ್ಲ.”

“ಮಗ ಏನಂದ?”

ಅಣ್ಣ ಕಣ್ಣು ಮುಚ್ಚಿಕೊಂಡ. “ದಾರೀಲಿದಾಳಮ್ಮ ಅಂದ. ಇನ್ನೇನು ಬಂದುಬಿಡ್ತಾಳೆ ಅಂದ.”

ಇದು ಆಟದ ಮಾತಲ್ಲ ಅಂತ ಮೇಡಂ ಅವರಿಗೆ ಅನ್ನಿಸಿತು, ಡ್ರೈವರನ ತೋಳು ಹಿಡಿದು ಸುಮ್ಮನಿರು ಅಂತ ಸನ್ನೆ ಮಾಡಿದರು. ಮಾಮ ತಮ್ಮ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಟ ನಿಲ್ಲಿಸಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಗೆ ತಮಗೆ ಗೊತ್ತಿದ್ದದ್ದನ್ನೇ ಮಾಡಿದರು.

“ಅಮ್ಮಾ, ಅಜ್ಜಿಯ ಜೀವ ಈಗ ನಿಮ್ಮ ಕೈಲಿದೆ. ವಿಷ ಇಟ್ಟುಕೊಂಡವಳ ಹತ್ರ ಅದಕ್ಕೆ ಮದ್ದೂ ಇರುತ್ತೆ. ಸಾಯೋಕೆ ಬಿಟ್ರೆ ಅಜ್ಜಿ ಪಾತ್ರ ಬರೆದಿರೋ ಈ ಹಾಳೆ ಹರಿದು ಹಾಕ್ತೀವಿ, ಅಜ್ಜಿ ಕಥೆ ಮುಗೀತು. ಮದ್ದು ಕೊಟ್ಟು ಸೆರೆ ಹಿಡಿದ್ರೆ ಅಜ್ಜಿ ನಿಮ್ಮ ಸೆರೆಯಾಳು, ಹಾಳೆ ನಿಮ್ಮದು, ಅವಳ ಮಾತೂ ನೀವೇ ಆಡಬೇಕು. ನಮ್ಮಲ್ಲಿ ಹಾಗೇ ನಡ್ಕೊಂಡು ಬಂದಿರೋದು. ಸಾಯಿಸ್ತೀರಾ, ಸೆರೆ ಹಿಡೀತೀರಾ?”

ವಾರವೆಲ್ಲ ಈ ಗಳಿಗೆಗೇ ಕಾದಿದ್ದಳು. ಸಾಯಿಸುತ್ತೇನೆ ಅಂತ ನಾಲಿಗೆಯ ತುದಿಗೆ ಬಂದಿತ್ತು. ಅಣ್ಣ ಕೂಡ ಅದನ್ನೇ ಕಾಯುತ್ತಿದ್ದ, ತಲೆ ತಗ್ಗಿಸಿ, ಏಟಿಗೆ ಬೆನ್ನು ಕೊಟ್ಟವನ ಹಾಗೆ. ಸತ್ತರೆ ಇವನು ಅತ್ತು ಹಗುರಾಗುತ್ತಾನೆ. ಇನ್ನೊಮ್ಮೆ ತಾನೊಬ್ಬನೇ ಅಮ್ಮನನ್ನು ಕಳಿಸಿಕೊಟ್ಟ ಪುಣ್ಯವೂ ಇವನಿಗೇ. ಅಷ್ಟು ಅಗ್ಗಕ್ಕೆ ಬಿಡುವವಳಲ್ಲ ಸೂಜಿ.

“ಮದ್ದು ಕೊಡ್ತೀನಿ,” ಅಂದಳು. “ಅಜ್ಜಿ ನನ್ನ ಜೊತೆ ಬರ್ತಾಳೆ.”

ಕೈ ಚಾಚಿ ಹಾಳೆ ಎಳೆದಳು. ಅಣ್ಣ ಅದರ ಮೇಲೆ ಅಂಗೈ ಊರಿದ. “ಬೇಡ ಕಣೇ. ಅಮ್ಮನದು ಅಂತ ನನಗೆ ಉಳಿದಿರೋದು ಇದೊಂದೇ.”

“ನನಗೆ ಇದೂ ಇರಲಿಲ್ಲ. ತೆಗಿ ಕೈ.”

ಅವನು ತೆಗೆದ. ವರ್ಷಗಟ್ಟಲೆ ಕೈಯಾಡಿ ಹಾಳೆಯ ಮೂಲೆಗಳು ಬಟ್ಟೆಯಂತೆ ಮೆತ್ತಗಾಗಿದ್ದವು. ಸೂಜಿ ಅದನ್ನು ಎದೆಯ ಹತ್ತಿರ ಹಿಡಿದು ಬಾಯಿ ತೆಗೆದಳು. ಬರುತ್ತದೋ ಇಲ್ಲವೋ ಅಂತ ಒಂದು ಕ್ಷಣ ಭಯವಾಯಿತು. ಬಂತು. ಅಣ್ಣ ಆಡಿದ್ದು ಏನೂ ಅಲ್ಲ ಅನ್ನುವ ಹಾಗೆ ಬಂತು, ಹೆಣ್ಣುಗಂಟಲಿನಿಂದ, ನೆತ್ತಿಯಿಂದ ಕಾಲಿನ ತನಕ ಅಮ್ಮನೇ ಆಗಿ ಬಂತು.

“ಏನೋ ಮಗಾ.”

ಅಣ್ಣ ಬೆಚ್ಚಿಬಿದ್ದು ತಲೆಯೆತ್ತಿದ.

“ದಾರೀಲಿದಾಳೆ ಅಂದ್ಯಲ್ಲೋ. ನಾನು ಆ ಬಾಗಿಲು ಬಿಟ್ಟು ಬೇರೆ ಕಡೆ ನೋಡಲಿಲ್ಲವಲ್ಲೋ. ಯಾವ ದಾರೀಲಿದ್ಲೋ ಅವಳು?”

ಅಷ್ಟು ದೊಡ್ಡ ಗಂಡಸು ಮೇಜಿನ ಅಂಚು ಹಿಡಿದು ಸಣ್ಣ ಮಗುವಿನಂತೆ ನೋಡಿದ. ಇಷ್ಟು ವರ್ಷ ಇವನು ಆಡಿಸಿದ ಅಮ್ಮನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಇವನೇ ನೋಡಿಕೊಂಡಿದ್ದ. ಈಗ ಅಮ್ಮನಿಗೆ ಗೊತ್ತಾಗಿಬಿಟ್ಟಿತ್ತು.

“ಅವಳು ದಾರೀಲಿರಲಿಲ್ಲಮ್ಮ. ನಾನು ಅವಳಿಗೆ ಹೇಳೇ ಇರಲಿಲ್ಲ.”

“ಯಾಕೋ?”

“ನಾನು ಪಕ್ಕದಲ್ಲೇ ಇದ್ನಲ್ಲಮ್ಮ. ನೀರು ಕುಡಿಸ್ತಿದ್ದೆ, ಮೈ ಒರೆಸ್ತಿದ್ದೆ. ನೀನು ಕಣ್ಣು ಬಿಟ್ರೆ ಮರಿ, ಮುಚ್ಚಿದ್ರೆ ಮರಿ. ಅವಳು ಬಂದುಬಿಟ್ರೆ ನಾನು ಮತ್ತೆ ಜಗಲಿ ಮೇಲೆ ಕೂರಬೇಕಿತ್ತು. ಒಂದೇ ಒಂದು ಸಲ ನನ್ನನ್ನ ಕೇಳ್ತೀಯೇನೋ ಅಂತ ಇವತ್ತು ನಾಳೆ ಅಂತ ಮುಂದೂಡಿದೆ. ಅಷ್ಟರಲ್ಲಿ ನೀನು ಹೋಗಿಬಿಟ್ಟೆ.” ಅವನು ಕೈ ಜೋಡಿಸಿದ. “ತಪ್ಪಾಯ್ತಮ್ಮ. ಕ್ಷಮಿಸಿದೀನಿ ಅಂತ ಒಂದು ಮಾತು ಹೇಳಮ್ಮ. ನಿನ್ನ ದಮ್ಮಯ್ಯ.”

ಡ್ರೈವರ್ ಮುಖ ಆಚೆ ತಿರುಗಿಸಿದ. ಮೇಡಂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮಾಮ ಮೆಲ್ಲಗೆ, ಬೇಡಿಕೊಳ್ಳುವವರ ಹಾಗೆ ಕೇಳಿದರು: “ಅಜ್ಜಿ ಏನಂತಾಳೆ?”

ಅಮ್ಮ ಏನನ್ನುತ್ತಿದ್ದಳು ಅಂತ ಸೂಜಿಗೆ ಚೆನ್ನಾಗಿ ಗೊತ್ತಿತ್ತು. ಯೋಚಿಸುವುದೇ ಬೇಡ. ಹೋಗ್ಲಿ ಬಿಡೋ, ಅದಕ್ಕ್ಯಾಕೆ ಅಳ್ತೀಯ, ಎದ್ದು ಮುಖ ತೊಳ್ಕೋ ಅನ್ನುತ್ತಿದ್ದಳು. ಮಗನ ತಲೆ ಸವರಿ, ಇನ್ನೊಂದು ಕೈಯಲ್ಲಿ ಮಗಳನ್ನೂ ಹತ್ತಿರ ಎಳೆದುಕೊಳ್ಳುತ್ತಿದ್ದಳು. ಆ ಮಾತು ಅಮ್ಮನ ದನಿಯಲ್ಲೇ ಗಂಟಲ ತನಕ ಬಂದು ನಿಂತಿತ್ತು, ಬಾಯಿ ತೆಗೆದರೆ ಸಾಕು.

ಸೂಜಿ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು, ಎದ್ದು ನಿಂತಳು.

“ಅಜ್ಜಿ ಏನೂ ಹೇಳೋದಿಲ್ಲ,” ಅಂದಳು, ತನ್ನ ಸ್ವಂತ ದನಿಯಲ್ಲಿ.